ಮೇಷ್ಟ್ರ ಲ್ಯಾಪ್‌ಟಾಪಿನ ಜೀವ

ಹಳೇ ಲ್ಯಾಪ್‌ಟಾಪ್ ಕೊಳ್ಳುವುದು ಹಸು ಕೊಳ್ಳುವಷ್ಟು ಕಷ್ಟವಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಹಸುವಾದರೆ ಹಲ್ಲು ನೋಡಬೇಕು, ಸುಳಿ ನೋಡಬೇಕು, ಒದೆಯುತ್ತದೆಯೋ ಏನೋ ವಿಚಾರಿಸಬೇಕು. ಲ್ಯಾಪ್‌ಟಾಪಿಗೆ ಕಾಲೇ ಇಲ್ಲ.

ನಾನು ತಿಪಟೂರಿನಲ್ಲಿ ಮನೆಯಲ್ಲೇ ಕೊಬ್ಬರಿ ಮಿಠಾಯಿ ಮಾಡಿ ಮಾರುವವಳು. ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯವರು, ಪೊಟ್ಟಣದ ಮೇಲೆ ಅಂದವಾದ ಲೇಬಲ್ ಇದ್ದರೆ ಹಬ್ಬಕ್ಕೆ ನಿಮ್ಮ ಮಿಠಾಯಿಯನ್ನೇ ಇಡುತ್ತೇವೆ ಎಂದಿದ್ದರು. ಅದೇ ಹೊತ್ತಿಗೆ ನಮ್ಮ ಬೀದಿಯ ನಾಗೇಂದ್ರ ಮೇಷ್ಟ್ರಿಗೆ ಚಿಕ್ಕನಾಯಕನಹಳ್ಳಿಗೆ ವರ್ಗವಾಗಿ, ಅವರು ತಮ್ಮ ಲ್ಯಾಪ್‌ಟಾಪ್ ಮಾರಲು ಹೊರಟಿದ್ದರು. ಕನ್ನಡದಲ್ಲಿ ಟೈಪ್ ಮಾಡುವುದಕ್ಕೂ ಲೇಬಲ್ ಮಾಡುವುದಕ್ಕೂ ಬೇಕಾದದ್ದೆಲ್ಲ ಅದರಲ್ಲಿತ್ತು. ಸಾಮಾನು ಲಾರಿಗೆ ಏರುತ್ತಿದ್ದಾಗಲೇ ಮೇಷ್ಟ್ರು ಅದನ್ನು ತೆರೆದು ತೋರಿಸಿದರು. ಪರದೆ ಬೆಳಗುತ್ತಿತ್ತು. ನಾನು ತಜ್ಞೆಯಂತೆ ತಲೆಯಾಡಿಸಿ, ಮುಚ್ಚಿ, ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ.

ಮನೆಯಲ್ಲಿ ತೆರೆದರೆ ಅದು ಪಾಸ್‌ವರ್ಡ್ ಕೇಳಿತು.

ನಮ್ಮ ಯಜಮಾನರು ಹಜಾರದಲ್ಲಿ ಕೂತು ಕೊಬ್ಬರಿಯಿಂದ ಕರಟ ಬಿಡಿಸುತ್ತಿದ್ದರು. "ಮೇಷ್ಟ್ರನ್ನ ಕೇಳ್ಲಿಲ್ವೇನೇ?" ಎಂದರು.

"ತೆರೆದೇ ಇತ್ತಲ್ರೀ."

"ಬಾಗ್ಲು ತೆಗ್ದೈತೆ ಅಂತ ಬೀಗದ ಕೈ ಇಸ್ಕೊಳ್ದೆ ಮನೆ ಕೊಂಡಂಗಾಯ್ತು ಕಣೇ."

ಮೇಷ್ಟ್ರ ಫೋನ್ ಬಂದ್ ಆಗಿತ್ತು. ಅಂಗಡಿಗೆ ಕೊಟ್ಟರೆ ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತಾರೆ ಎಂದರು ಯಜಮಾನರು. ಎಲ್ಲ ಅಳಿಸಿದರೆ ಲೇಬಲ್ ಮಾಡುವ ಉಪಾಯವೂ ಅಳಿಸಿಹೋಗುತ್ತದಲ್ಲ! ನಾನೇ ಬಿಡಿಸುತ್ತೇನೆಂದು ಸೆರಗು ಸಿಕ್ಕಿಸಿ ಕೂತೆ. ವಿಘ್ನನಿವಾರಕ ಎಂದು ಗಣೇಶನ ಹೆಸರು ಒತ್ತಿದೆ. ತಪ್ಪು ಎಂದಿತು. ಆದರೆ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸುಳಿವು ಮೂಡಿತು: ನನ್ನ ಜೀವ.

ಇನ್ನೇನು ಬೇಕು? ಮೇಷ್ಟ್ರ ಹೆಂಡತಿ ಶಾರದಾಗೆ ಫೋನ್ ಮಾಡಿದೆ. ಮೇಷ್ಟ್ರು ಪರೀಕ್ಷೆಯ ಪೇಪರ್ ತಿದ್ದಲು ತುಮಕೂರಿಗೆ ಹೋಗಿದ್ದಾರೆ, ಅಲ್ಲಿ ಫೋನ್ ಒಳಗೆ ಬಿಡುವುದಿಲ್ಲ ಎಂದು ಆಕೆ ಹೇಳಿದಳು. ನಾನು ಸುಳಿವಿನ ವಿಷಯ ತಿಳಿಸಿ, "ಯಾರ ಹೆಸ್ರಿರ್ಬೌದು ಶಾರದಾ?" ಎಂದೆ.

ಆ ಕಡೆ ದನಿ ಮೆತ್ತಗಾಯಿತು. "ಇನ್ಯಾರದು ಜಯಕ್ಕ, ನಂದೇ ಇರ್ಬೇಕು. ಬಾಯ್ಬಿಟ್ಟು ಒಂದಿನ ಹೇಳ್ದೋರಲ್ಲ, ನೋಡಿ."

ಶಾರದಾ ಎಂದು ಒತ್ತಿದೆ. ಅಲ್ಲ ಎಂದಿತು. ಶಾರು ಎಂದು ಒತ್ತಿದೆ. ಅಲ್ಲ. ಮಗಳ ಹೆಸರು ಒತ್ತಿದೆ. ಅದೂ ಅಲ್ಲ. ಒಂದೊಂದನ್ನೂ ಆಗಿಂದಾಗಲೇ ಫೋನಿನಲ್ಲಿ ಶಾರದಾಗೆ ವರದಿ ಮಾಡಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ನೆಮ್ಮದಿಯಾಗಿರುತ್ತಿದ್ದರು. ನಾನು ಸಮಾಧಾನ ಮಾಡಲು ಹೋದೆ. "ಬೇಜಾರ್ ಮಾಡ್ಕೋಬೇಡಿ. ಬೇರೆ ಯಾರಾದ್ರೂ ಇದ್ರೆ ಗ್ಯಾಪ್ಕ ಮಾಡ್ಕೊಂಡು ನಿಧಾನಕ್ಕೆ ಹೇಳಿ" ಎಂದೆ.

ಫೋನ್ ಕಟ್ಟಾಯಿತು.

"ಏನಂದ್ರು?" ಎಂದರು ಯಜಮಾನರು.

"ಯೋಚ್ನೆ ಮಾಡ್ತವ್ರೆ."

"ಅದೇ ಭಯ ಕಣೇ."

ಆಮೇಲೆ ಆಕೆ ನನ್ನ ಫೋನ್ ಎತ್ತಲಿಲ್ಲ. ಮೇಷ್ಟ್ರದೂ ಸಿಗಲಿಲ್ಲ. ಹಬ್ಬ ಬಂತು, ಹೋಯಿತು. ಬೇಕರಿಯಲ್ಲಿ ತುರುವೇಕೆರೆಯ ಯಾರದೋ ಮಿಠಾಯಿ ಲೇಬಲ್ ಸಮೇತ ರಾರಾಜಿಸಿತು. ನಮ್ಮ ಮಿಠಾಯಿಯನ್ನು ನಾವೇ ತಿಂದೆವು. ಹಲ್ಲಿಗೆ ಸಿಕ್ಕಿದ್ದು ಕೊಬ್ಬರಿಯೋ ದುಃಖವೋ ತಿಳಿಯಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ಬಸ್ಸಿಳಿದು ನಮ್ಮ ಮನೆಗೆ ಬಂದರು. ಮೇಷ್ಟ್ರು ಇಳಿದುಹೋಗಿದ್ದರು. ತುಮಕೂರಿಂದ ಬಂದ ಮೇಲೂ ಅವರು ಹೋಟೆಲಿನಲ್ಲೇ ಊಟ ಮಾಡಿದ್ದರೆಂಬುದು ಮುಖದಲ್ಲೇ ಕಾಣುತ್ತಿತ್ತು. ಶಾರದಾ ನೀರೂ ಮುಟ್ಟದೆ ಲ್ಯಾಪ್‌ಟಾಪನ್ನು ಗಂಡನ ಮುಂದಿಟ್ಟಳು.

"ನನ್ನೆದುರ್ಗೇ ಒತ್ರೀ. ಯಾವಳು ಅಂತ ನೋಡೇ ಬುಡ್ತೀನಿ."

"ಯಾರೂ ಇಲ್ಲ ಕಣೇ, ಹೇಳಿದ್ರೆ ನಂಬಲ್ವಲ್ಲ" ಎಂದು ಮೇಷ್ಟ್ರು ಅಳುವ ದನಿಯಲ್ಲಿ ಅಂದರು. ಒಂದು ಕೈ ಅಡ್ಡ ಹಿಡಿದು ಇನ್ನೊಂದರಿಂದ ಒತ್ತಿದರು. ಪರದೆ ತೆರೆಯಿತು.

"ಯಾರದು ಹೆಸ್ರು?"

ಮೇಷ್ಟ್ರು ನಮ್ಮ ಯಜಮಾನರ ಕಡೆ ನೋಡಿದರು. ಅವರು ಸೂರು ನೋಡಿದರು.

"ನಂದೇ" ಎಂದರು ಮೇಷ್ಟ್ರು.

ಆಕೆ ನಂಬಲಿಲ್ಲ. ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿ, ತಾನೇ ನಾಗೇಂದ್ರ ಎಂದು ಒತ್ತಿದಳು. ತೆರೆಯಿತು. ಅದನ್ನು ನನ್ನ ಕಡೆಗೆ ತಳ್ಳಿದಳು.

"ಬೇರೆ ಹೆಂಗ್ಸಾಗಿದ್ರೆ ಅವಳ ಜುಟ್ಟಾದ್ರೂ ಹಿಡಿಬೋದಿತ್ತು ಜಯಕ್ಕ" ಎಂದಳು. "ಈಗ ಯಾರ ತಾವ ಜಗಳ ಆಡ್ಲಿ?"

ನಾನು ಕಾಫಿ ಕೊಟ್ಟೆ. ಹೊರಡುವ ಮುಂಚೆ ಮೇಷ್ಟ್ರು ಪಾಸ್‌ವರ್ಡ್ ಬದಲಾಯಿಸುವುದನ್ನು ತೋರಿಸಿಕೊಟ್ಟರು. ನಾನೂ ಕೈ ಅಡ್ಡ ಹಿಡಿದು ಹೊಸದೊಂದನ್ನು ಒತ್ತಿದೆ. ಶಾರದಾ ಮುಂದೆ, ಮೇಷ್ಟ್ರು ಮಾರು ದೂರ ಹಿಂದೆ, ಹೀಗೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು.

"ಎಂಥ ಮನುಷ್ಯ ಅಂತೀನಿ" ಎಂದು ನಾನು ಲೋಟ ಎತ್ತುತ್ತಾ ಅಂದೆ. "ತನ್ನ ಹೆಸ್ರನ್ನೇ ಜೀವ ಅನ್ಕೊಂಡು ಕೂತವ್ರಲ್ಲ. ನಾಚ್ಕೆ ಬ್ಯಾಡ್ವಾ?"

ಯಜಮಾನರು ನಗಲಿಲ್ಲ. "ನೀನ್ ಯಾರ ಹೆಸ್ರು ಹಾಕ್ದೆ?"

"ಮಿಠಾಯಿ ಅಂತ" ಎಂದೆ. ಹೇಳುವುದು ಕೊಂಚ ತಡವಾಯಿತು.

ಅವರು ಪಂಚೆಗೆ ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡರು. ಜನ್ಮದಲ್ಲಿ ಅದನ್ನು ಮುಟ್ಟಿದವರಲ್ಲ. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ನನ್ನ ಹೆಸರು ಒತ್ತಿದರು.

ಮೊದಲ ಸಲಕ್ಕೇ ತೆರೆಯಿತು.