ಹಿಂದಿನ ಕಾಲಕ್ಕೆ ಕಟ್ಟಿದ ಬುತ್ತಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಇನ್ನೊಬ್ಬರ ಬುತ್ತಿ ತಿಂದಿದ್ದೇನೆ. ಅದೇನು ದೊಡ್ಡ ಅಪರಾಧ, ಗೋಕಾಕ ಫಾಲ್ಸಿನ ಮಂಗಗಳು ದಿನಾ ಅದನ್ನೇ ಮಾಡುತ್ತವಲ್ಲ ಅನ್ನಬಹುದು ನೀವು. ಆದರೆ ನಾನು ತಿಂದದ್ದು ಎಂಬತ್ತರ ದಶಕದಲ್ಲಿ ಕೂತಿದ್ದ ಒಬ್ಬ ಹೆಣ್ಣುಮಗಳ ಬುತ್ತಿ! ಆಗ ನಾನು ಹುಟ್ಟಿರಲಿಲ್ಲ. ನಮ್ಮವ್ವನೂ ಹುಟ್ಟಿರಲಿಲ್ಲ. ಆದರೂ ತಿಂದೆ. ಬೆರಳು ನೆಕ್ಕಿಕೊಂಡು ತಿಂದೆ. ಇಂಥ ಕಳ್ಳತನಕ್ಕೆ ಯಾವ ಠಾಣೆಯಲ್ಲಿ ಫಿರ್ಯಾದಿ ಕೊಡಬೇಕು? ಕರಿ ಕೋಟಿನವರಿಗೂ ಗೊತ್ತಿರಲಿಕ್ಕಿಲ್ಲ.

ಇಷ್ಟಕ್ಕೆಲ್ಲ ಕಾರಣ ನಮ್ಮ ಆಯಿ. ಆಯಿ ಅಂದರೆ ಅಜ್ಜಿ, ಅವ್ವನ ಕಡೆಯವಳು. ಮಸಗುಪ್ಪಿಯಲ್ಲಿ ಸೋದರಮಾವನ ತುಂಬಿದ ಮನೆಯಲ್ಲಿ ದರ್ಬಾರು ನಡೆಸಿಕೊಂಡಿದ್ದಾಳೆ. ಆಕೆಯ ವಿಷಯದಲ್ಲಿ ಒಂದು ಮಾತನ್ನು ನಾನು ಎದೆ ತಟ್ಟಿ ಹೇಳಬಲ್ಲೆ: ಆಯಿ ಇರುವ ತನಕ ಆ ಊರಿನಿಂದ ಯಾವ ಮನುಷ್ಯನೂ ಖಾಲಿ ಕೈಯಲ್ಲಿ ಹೊರಗೆ ಹೋಗಲಾರ. ಯಾರಾದರೂ ಚಪ್ಪಲಿ ಮೆಟ್ಟಿದ ಸಪ್ಪಳ ಕೇಳಿದರೆ ಸಾಕು, ಒಳಗಿನಿಂದ ಕೂಗು ಬರುತ್ತದೆ.

"ಯಾವ ಕಡೆ ಹೊಂಟೀಯೋ?"

"ಮೂಡಲಗಿಗೆ, ಆಯಿ."

"ಹೆಂಗೂ ಹೊಂಟೀಯಲ್ಲಾ, ಇದೊಂದು ಗಂಟು ನಮ್ಮ ಬೀಗತಿಗೆ ಮುಟ್ಟಿಸಿ ಬಾ."

ಬಿಳಿ ಅರಿವೆಯಲ್ಲಿ ಕಟ್ಟಿದ ಗಂಟು ಆಗಲೇ ಸಿದ್ಧ! ರೊಟ್ಟಿ, ಚಟ್ನಿಪುಡಿ, ಎಣ್ಣೆಗಾಯಿ. ಅಂಕಲಗಿಗೆ ಹೊರಟವನಿಗೆ ಅಂಕಲಗಿಯ ಗಂಟು, ಹುಕ್ಕೇರಿಗೆ ಹೊರಟವನಿಗೆ ಹುಕ್ಕೇರಿಯ ಗಂಟು. ಯಾರೂ ಗುರುತಿಲ್ಲದ ಊರಿಗೆ ಹೊರಟರೆ? "ಹಾದ್ಯಾಗ ಯಾರರೆ ಹಸದವರು ಸಿಕ್ಕಾರು, ಇರಲಿ" ಎಂದು ಅದಕ್ಕೂ ಒಂದು.

ಒಮ್ಮೆ ಆಯಿಯ ಪಕ್ಕದ ಮನೆಯ ಕಾಕಾನಿಗೆ ಹೊಟ್ಟೆಯಲ್ಲಿ ಕರುಳಿನ ಬೇನೆ ಎದ್ದಿತು. ಅಂಬುಲೆನ್ಸ್ ಬಂತು. ಕಾಕಾ "ಯವ್ವಾ, ಸತ್ತೆ" ಎಂದು ಒದ್ದಾಡುತ್ತಿದ್ದಾನೆ, ಹೆಂಡತಿ ಅಳುತ್ತಿದ್ದಾಳೆ, ಡ್ರೈವರ್ ಬಾಗಿಲು ಹಾಕುತ್ತಿದ್ದಾನೆ. ಅಷ್ಟರಲ್ಲಿ ಆಯಿ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು.

"ಗೋಕಾಕಕ್ಕ ಹೊಂಟೀರಲ್ಲಾ? ದವಾಖಾನಿ ಬಾಜೂಕನ ನಮ್ಮ ನಾದಿನಿ ಮನಿ ಐತಿ!"

ಗಂಟನ್ನು ಕಾಕಾನ ಎದೆಯ ಮೇಲೇ ಇಟ್ಟಳು. ಆಪರೇಶನ್ ಮುಗಿದು ಎಚ್ಚರವಾದಾಗ ಕಾಕಾ ಕೇಳಿದ ಮೊದಲ ಮಾತು ಹೆಂಡತಿಯ ಬಗ್ಗೆ ಅಲ್ಲ, ಕರುಳಿನ ಬಗ್ಗೆಯೂ ಅಲ್ಲ. "ಬುತ್ತಿ ಮುಟ್ಟಿತೇನ್ರಿ?" ಊರಿಗೆ ಹೊಳ್ಳಿ ಹೋದಮೇಲೆ ಆಯಿಗೆ ಮುಖ ತೋರಿಸಬೇಕಲ್ಲ!

ಚುನಾವಣೆಗೆ ನಿಂತವನೊಬ್ಬ ಕೈ ಮುಗಿಯುತ್ತ ನಮ್ಮ ಓಣಿಗೆ ಬಂದಿದ್ದ. ಆಯಿ ಅವನ ಜೀಪಿನಲ್ಲೂ ಮೂಡಲಗಿಯ ಗಂಟು ಇಟ್ಟಳು. ಪಾಪ, ಆತ ಸೋತ. ಆದರೆ ಗಂಟು ಮುಟ್ಟಿಸಿದ್ದ. ಇಡೀ ಚುನಾವಣೆಯಲ್ಲಿ ಕೊಟ್ಟ ಮಾತು ಉಳಿಸಿಕೊಂಡವನು ಅವನೊಬ್ಬನೇ ಎಂದು ಆಯಿ ಈಗಲೂ ಹೇಳುತ್ತಾಳೆ.

ಇಂಥ ಆಯಿಯ ಕಣ್ಣಿಗೆ ಆ ಧಾರಾವಾಹಿ ಬಿತ್ತು.

ನಾನು ಗೋಕಾಕದಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ರಿಪೇರಿ ಅಂದರೆ, ಸ್ವಲ್ಪ ಕೆಟ್ಟದ್ದನ್ನು ಪೂರಾ ಕೆಡಿಸಿ ಮಾಲೀಕನ ಕೈಗೆ ಕೊಡುವ ಕೆಲಸ. ವಾರದ ಕೊನೆಗೆ ಮಸಗುಪ್ಪಿಗೆ ಹೋಗುತ್ತೇನೆ. ಆಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಟೀವಿಯಲ್ಲಿ ಆ ಧಾರಾವಾಹಿ ಬರುತ್ತಿತ್ತು. ಒಬ್ಬ ಇನ್ಸ್‌ಪೆಕ್ಟರ್. ಅವನ ಹತ್ತಿರ ಒಂದು ಹಳೇ ಮೋಟಾರ್ ಸೈಕಲ್. ಕಿಕ್ ಹೊಡೆದರೆ ಭುಸ್ಸೆಂದು ಹೊಗೆ ಏಳುತ್ತದೆ, ಹೊಗೆ ಇಳಿಯುವಷ್ಟರಲ್ಲಿ ಅವನು ಎಂಬತ್ತರ ದಶಕದಲ್ಲಿ ಇರುತ್ತಾನೆ! ಅಲ್ಲಿ ಬೆಲ್‌ಬಾಟಮ್ ಪ್ಯಾಂಟಿನ ಕೊಲೆಗಡುಕರು. ಈಗ ಪತ್ತೆಯಾಗದೆ ಉಳಿದ ಕೊಲೆಗಳನ್ನೆಲ್ಲ ಅಲ್ಲಿಗೇ ಹೋಗಿ ಪತ್ತೆ ಮಾಡುವುದು ಅವನ ಕೆಲಸ.

ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಕತ್ತಲ ಕೋಣೆಯಲ್ಲಿ ಚಾಕು ಮಿಂಚಿತು, ಚೀರಾಟ, ನೆಲದ ಮೇಲೆ ರಕ್ತ. ನಮ್ಮತ್ತೆ ಮುಖ ಮುಚ್ಚಿಕೊಂಡಳು. ಮಾವನ ಕೈಯ ಚಹಾ ಪಂಚೆಯ ಮೇಲೆ ಚೆಲ್ಲಿತು. ಇನ್ಸ್‌ಪೆಕ್ಟರ್ ಗಾಡಿಗೆ ಕಿಕ್ ಹೊಡೆದ. ಆಗ ಆಯಿ ಎದೆ ಹಿಡಿದುಕೊಂಡು ಚೀರಿದಳು, "ಅಯ್ಯ ಶಿವನ! ಬರಿಗೈಲೆ ಹೊಂಟಾನಲ್ಲೋ!"

"ಆಯಿ, ಅಲ್ಲೆ ಖೂನಿ ಆಗೈತಿ!"

"ಖೂನಿ ಆದವ ಎಲ್ಲಿ ಓಡಿ ಹೋಗ್ತಾನ? ಇಂವಾ ಅಷ್ಟ ದೂರ ಹೊಂಟಾನ. ಹಿಂದಿನ ಸೀಟು ಖಾಲಿ ಐತಿ. ಒಂದು ಗಂಟು ಕಟ್ಟಿಕೊಂಡ್ರ ಗಾಡಿಗೇನು ಭಾರ ಆಗ್ತೈತೇನು?"

ಅವತ್ತಿನಿಂದ ಶುರುವಾಯಿತು. ಕೊಲೆಗಾರ ಯಾರು ಎಂಬ ಚಿಂತೆ ನಮಗೆ, ಖಾಲಿ ಸೀಟಿನ ಚಿಂತೆ ಆಯಿಗೆ. ಒಂದು ಸಂಜೆ ಜಾಹೀರಾತು ಬಂದಾಗ ಆಯಿ ಮೆಲ್ಲಗೆ ನನ್ನನ್ನು ಕೇಳಿದಳು.

"ಲೇ, ಈಗ ಸತ್ತು ಹೋದವರು ಅಲ್ಲೆ ಇನ್ನಾ ಜೀವಂತ ಇರ್ತಾರೇನು?"

"ಇರ್ತಾರ ಆಯಿ. ಸಾಯೂಕಿಂತ ಮೊದಲ ಹೋಗಿ ಮುಟ್ಟಬೇಕಷ್ಟ."

ಆಯಿ ಆಮೇಲೆ ಜಾಹೀರಾತು ಮುಗಿಯುವವರೆಗೂ ಮಾತಾಡಲಿಲ್ಲ. ಆಯಿ ಸುಮ್ಮನೆ ಕೂತಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಬುದ್ಧಿ ಇದ್ದವನಾದರೆ ಆಗಲೇ ಏನೋ ಇದೆ ಎಂದು ಅನುಮಾನ ಪಡುತ್ತಿದ್ದ. ನಾನೋ, ಪತ್ತೇದಾರಿ ಧಾರಾವಾಹಿ ನೋಡಿ ನೋಡಿ ಇದ್ದ ಬುದ್ಧಿಯನ್ನೂ ಕಳೆದುಕೊಂಡವನು. ನನಗೆ ತಮಾಷೆ ಹೊಳೆಯಿತು!

"ಆಯಿ, ಆ ಇನ್ಸ್‌ಪೆಕ್ಟರ್ ಶೂಟಿಂಗಿಗಂತ ಸೋಮವಾರ ಫಾಲ್ಸಿಗೆ ಬರಾಕತ್ತಾನ. ನಮ್ಮ ಅಂಗಡ್ಯಾಗನ ಅವನ ಫೋನ್ ರಿಪೇರಿ. ಅಲ್ಲಿಂದ ಸೀದಾ ಹಿಂದಿನ ಕಾಲಕ್ಕ ಹೊಂಟಾನ. ಏನರೆ ಕೊಡೂದಿತ್ತೇನು?"

ಹೇಳಿ ನಾನು ನಗಲಿಕ್ಕೆ ಬಾಯಿ ತೆರೆದೆ. ಆಯಿ ನಗಲಿಲ್ಲ. ಎದ್ದು ಹೋಗಿ ಸಜ್ಜೆ ಡಬ್ಬಿಯ ಮುಚ್ಚಳ ತೆಗೆದಳು.

ಸೋಮವಾರ ಬೆಳಗ್ಗೆ ಗಂಟು ಸಿದ್ಧವಾಗಿತ್ತು. ದಿನದ ಗಂಟಲ್ಲ ಅದು! ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಣ್ಣೆ, ಸಿಹಿಗೆ ಬೆಲ್ಲದ ಮಾದಲಿ, ಸ್ಟೀಲ್ ಡಬ್ಬಿಯ ತುಂಬ ಹಣ್ಣು ಮೆಣಸಿನಕಾಯಿ ಅರೆದು ಮಾಡಿದ ಕೆಂಪು ರಂಜಕ. ಮೇಲೆ ಹೊಸ ಅರಿವೆ.

"ಯಾರಿಗೆ ಮುಟ್ಟಿಸಬೇಕಂತ ಹೇಳ್ಲಿ?"

"ಹುಕ್ಕೇರಿ ಕಡೆ, ಕಣಗಲಾದಾಗ. ಹೆದ್ದಾರಿ ದಾಟಿದ ಮ್ಯಾಲೆ ಬೇವಿನ ಗಿಡದ ಮನಿ. ಆಗಿನ ಹೆದ್ದಾರಿ ಸಣ್ಣದು, ಹಾದಿ ತಪ್ಪಬ್ಯಾಡ ಅನ್ನು. ನೀಲವ್ವನ ಕೈಯಾಗನ ಕೊಡಬೇಕು. ಅತ್ತಿ ಕೈಯಾಗ ಕೊಟ್ರ ಆಕಿಗೆ ಮುಟ್ಟೂದಿಲ್ಲ."

ನೀಲವ್ವ ಯಾರು ಎಂದು ನಾನು ಕೇಳಲಿಲ್ಲ. ಯಾರೋ ಹಳೇ ಗೆಳತಿ ಇರಬೇಕು ಅಂದುಕೊಂಡೆ. ಕೇಳುವ ಸ್ಥಿತಿಯಲ್ಲೂ ಇರಲಿಲ್ಲ ಅನ್ನಿ. ಎಳ್ಳಿನ ರೊಟ್ಟಿಯ ವಾಸನೆ ಮೂಗಿನೊಳಗೆ ಹೊಕ್ಕು ಮೆದುಳಿನಲ್ಲಿ ಪಾಯ ಹಾಕಿ ಮನೆ ಕಟ್ಟುತ್ತಿತ್ತು.

ಬಸ್ಸು ಊರ ಸೀಮೆ ದಾಟುವ ತನಕ ತಡೆದೆ. ಅದೇ ನನ್ನ ಜೀವನದ ಮಹಾ ತಪಸ್ಸು. ಆಮೇಲೆ ಗಂಟು ಬಿಚ್ಚಿದೆ. ರೊಟ್ಟಿ ಮುರಿದು ರಂಜಕ ಹಚ್ಚಿ ಬಾಯಿಗಿಟ್ಟೆ. ಅಬ್ಬಬ್ಬಾ, ಅದು ಖಾರವೋ, ಕೊಳ್ಳಿಯೋ! ಕಿವಿಯಲ್ಲಿ ಸೀಟಿ ಊದಿತು. ಕಣ್ಣು, ಮೂಗು ಎರಡೂ ಘಟಪ್ರಭಾ ಹೊಳೆ. ಆದರೂ ಕೈ ನಿಲ್ಲಲಿಲ್ಲ. ಅಳುತ್ತ ತಿಂದೆ, ತಿನ್ನುತ್ತ ಅತ್ತೆ. ಟಿಕೆಟ್ ಹರಿಯಲು ಬಂದ ಕಂಡಕ್ಟರ್ ನನ್ನ ಅವತಾರ ನೋಡಿ ಮರುಗಿದ.

"ಯಾಕೋ ತಮ್ಮಾ, ಮನ್ಯಾಗ ಯಾರರೆ ತೀರಿಕೊಂಡಾರೇನು?"

"ಇಲ್ರಿ, ಖಾರರಿ!" ಎಂದೆ. ಅವನಿಗೂ ಒಂದು ತುತ್ತು ಕೊಟ್ಟೆ. ಅವನೂ ಅತ್ತ. ಗೋಕಾಕ ಮುಟ್ಟುವಷ್ಟರಲ್ಲಿ ಡಬ್ಬಿ ತೊಳೆದಷ್ಟು ಸ್ವಚ್ಛ.

ಮುಂದಿನ ವಾರ ಖಾಲಿ ಡಬ್ಬಿ ಹಿಡಿದು ಮಸಗುಪ್ಪಿಗೆ ಹೋದೆ. ಅವ್ವನೂ ತವರಿಗೆ ಬಂದಿದ್ದಳು, ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಆಯಿ ಬಾಗಿಲಲ್ಲೇ ಕೇಳಿದಳು.

"ಮುಟ್ಟಿತೇನೋ?"

"ಮುಟ್ಟಿತು ಆಯಿ. ನೀಲವ್ವನ ಕೈಯಾಗನ ಕೊಟ್ಟನಂತ."

"ಏನಂದಳಂತ ಆಕಿ?"

ಇಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗಿರುತ್ತಿದ್ದೆನೇ? ಸುಳ್ಳಿಗೆ ಒಗ್ಗರಣೆ ಬೇಡವೇ? ಆ ಬೆಂಕಿಯಂಥ ರಂಜಕವನ್ನು ನೆನೆಸಿಕೊಂಡು ತಲೆಕೆಳಗಾದ ಜೋಕು ಹೊಡೆದೆ.

"ಎಲ್ಲಾ ಚೊಲೋ ಆಗಿತ್ತಂತ. ಖಾರ ಒಂದು ಸ್ವಲ್ಪ ಕಮ್ಮಿ ಆಗಿತ್ತು ಅಂದಳಂತ!"

ಅವ್ವನ ಕೈಯ ಮೊರ ಜಾರಿ ಜೋಳವೆಲ್ಲ ಪಡಸಾಲೆಯ ತುಂಬ ಚೆಲ್ಲಿತು. ಆಯಿ ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತಳು. "ಖಾರ ಕಮ್ಮಿ ಆತಂತ?" ಎಂದು ಒಮ್ಮೆ ತನಗೇ ಹೇಳಿಕೊಂಡಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

ಅವ್ವ ನನ್ನ ಕಿವಿ ಹಿಡಿದು ಹಿತ್ತಲಿಗೆ ಎಳೆದೊಯ್ದಳು.

"ನೀಲವ್ವನ ಹೆಸರು ನಿನಗ ಯಾರೋ ಹೇಳಿದರು? ಆಕಿ ಖಾರದ ಮಾತು ಯಾರು ಹೇಳಿದರು?"

"ಹೆಸರು ಆಯಿನ ಹೇಳಿದಳವ್ವ! ಖಾರದ ಮಾತು ನಾನ ಚ್ಯಾಷ್ಟಿ ಮಾಡಾಕ ಅಂದೆ. ಯಾರಾಕಿ?"

"ನನ್ನ ಹಡದಾಕಿನೋ."

ನನ್ನ ಕಿವಿ ಇನ್ನೂ ಅವ್ವನ ಕೈಯಲ್ಲೇ ಇತ್ತು, ಆದರೆ ನೋವು ನಿಂತುಹೋಯಿತು. "ಮತ್ತ ಆಯಿ?"

"ಆಯಿ ಆಕಿ ಅಕ್ಕ. ನನ್ನ ಜ್ವಾಪಾನ ಮಾಡಿದಾಕಿ. ನನಗೂ ಮದಿವಿ ಹೊತ್ತಿನ್ಯಾಗ ಹೇಳಿದರು. ಮತ್ತ ಆ ಮಾತು ಎತ್ತಬ್ಯಾಡ ಅಂತ ಆಯಿ ಅಂದಿದ್ದಳು."

ಇಷ್ಟು ದಿನ ಟೀವಿಯಲ್ಲಿ ಬಿದ್ದ ಹೆಣಗಳನ್ನೆಲ್ಲ ಮಿರ್ಚಿ ಭಜಿ ತಿನ್ನುತ್ತ ನೋಡಿದವನು ನಾನು. ಆ ದಿನ ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟೆ.

ನೀಲವ್ವನನ್ನು ಕಣಗಲಾಕ್ಕೆ ಕೊಟ್ಟಿದ್ದರಂತೆ. ಚೊಚ್ಚಲ ಬಸುರಿ. ಅಕ್ಕನ ಕೈಯ ಸಜ್ಜೆ ರೊಟ್ಟಿ, ರಂಜಕ ತಿನ್ನಬೇಕು ಅನಿಸಿದೆ ಎಂದು ಬಳೆಗಾರನ ಹತ್ತಿರ ಹೇಳಿ ಕಳಿಸಿದ್ದಳಂತೆ. ಎಷ್ಟು ಅರೆದು ಹಾಕಿದರೂ ಖಾರ ಕಡಿಮೆಯಾಯಿತು ಅನ್ನುವ ನಾಲಿಗೆ ಆಕೆಯದು. ಆಯಿ ಅವತ್ತೇ ಬಯಕೆಯ ಬುತ್ತಿ ಕಟ್ಟಿದಳು. ಆದರೆ ಮಳೆಗಾಲ, ಹೊಳೆ ತುಂಬಿ ಹಾದಿ ಮುಚ್ಚಿತ್ತು. ಆಯಿ ದಿನಾ ಊರ ಮುಂದೆ ನಿಂತು ಬಂದವರನ್ನೆಲ್ಲ ಕೇಳಿದಳು. ಆ ಕಡೆ ಹೋಗುವವರು ಒಬ್ಬರೂ ಸಿಗಲಿಲ್ಲ. ಗಂಟು ಜಂತೆಗೆ ಕಟ್ಟಿದ ನೆಲುವಿನಲ್ಲಿ ತೂಗುತ್ತ ಉಳಿಯಿತು. ಹೊಳೆ ಇಳಿದ ಮೇಲೆ ಸುದ್ದಿ ಬಂತು: ಹೆಣ್ಣು ಹುಟ್ಟಿದೆ, ತಾಯಿ ಇಲ್ಲ. ಆಯಿ ತಾನೇ ಹೋಗಿ ಕೂಸನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಳು.

ಆ ಕೂಸು ನನ್ನೆದುರು ನಿಂತು ಕಣ್ಣೊರೆಸಿಕೊಳ್ಳುತ್ತಿತ್ತು. ನನ್ನ ಕಿವಿ ಬಿಟ್ಟಿತ್ತು.

ಒಳಗೆ ಹೋದೆ. ಆಯಿ ಚೆಲ್ಲಿದ ಜೋಳ ಬಳಿಯುತ್ತಿದ್ದಳು. ನಾನೂ ಮಂಡಿಯೂರಿ ಕೂತೆ.

"ಆಯಿ, ಆ ಬುತ್ತಿ..."

"ಗೊತ್ತೈತಿ."

"ಏನು ಗೊತ್ತೈತಿ?"

"ಹುಚ್ಚಪ್ಯಾಲಿ, ಟೀವಿಯಾಗಿನ ಮನಷ್ಯಾ ಬುತ್ತಿ ಹೆಂಗ ಒಯ್ತಾನೋ? ಅಷ್ಟೂ ತಿಳಿಯೂದಿಲ್ಲೇನು ನನಗ?"

"ಮತ್ಯಾಕ ಕಟ್ಟಿ ಕೊಟ್ಟಿ?"

ಆಯಿ ಕೈಯಲ್ಲಿದ್ದ ಜೋಳವನ್ನು ಮೊರಕ್ಕೆ ಸುರಿದಳು.

"ಸುಳ್ಳರೆ ಆಗಲಿ, ಆ ಕಡೆ ಹೋಗೂ ಮನಷ್ಯಾ ಒಬ್ಬ ಸಿಕ್ಕನಲ್ಲಾ ಅನಿಸ್ತು."

ನನ್ನ ಕಣ್ಣು, ಮೂಗು ಮತ್ತೆ ಘಟಪ್ರಭಾ ಹೊಳೆಯಾದವು. ಆ ದಿನ ಬಾಯಲ್ಲಿ ರಂಜಕವೂ ಇರಲಿಲ್ಲ.

"ನಾನ ತಿಂದ್ನಿ ಆಯಿ. ಒಂದು ಚೂರೂ ಬಿಡಲಿಲ್ಲ."

ಆಯಿ ಖಾಲಿ ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಆಮೇಲೆ ಅದೇ ಕೈಯಿಂದ ನನ್ನ ತಲೆ ಸವರಿದಳು.

"ನೀಲವ್ವನ ಮಮ್ಮಗನ ಹೊಟ್ಟ್ಯಾಗ ಹೋತಲ್ಲಾ. ಮುಟ್ಟಿತು ಬಿಡು."