ಬಂಗಾರದ ಮೀನಿಗೆ ಕೊಸರು

ಕೊಳ್ಳಲು ಹೋದವನ ಮುಖದಲ್ಲಿ ಭಯ ಕಾಣಬಾರದು; ಕಂಡರೆ ಅಂಗಡಿಯವ ಬೆಲೆ ಏರಿಸುತ್ತಾನೆ. ಬೇಲೆಕೇರಿ ಬಂದರಿನ ದಕ್ಕೆಯ ಹರಾಜಿನಲ್ಲಿ ಬುಟ್ಟಿ ಹಿಡಿದು ನಿಂತು ಮೀನು ವ್ಯಾಪಾರ ಕಲಿತವನು ನಾನು, ಯಾರೂ ಕೇಳದಿದ್ದರೂ ಈ ಉಪದೇಶ ಕೊಡುತ್ತೇನೆ. ಆದರೆ ಆ ದಿನ ಕಾರವಾರದ ಅಕ್ವೇರಿಯಂ ಅಂಗಡಿಯಲ್ಲಿ ಆ ಭಯ ನನ್ನ ಮುಖದಲ್ಲೇ ಇತ್ತು.

ಮಗಳು ಶ್ವೇತಾ ತಾಯಿಯ ಜೊತೆ ಹಣಕೋಣದ ಅಜ್ಜಿಮನೆಗೆ ಹೋಗುವಾಗ ತನ್ನ ಗೋಲ್ಡ್‌ಫಿಶ್ ಚಿನ್ನಿಯನ್ನು ನನಗೆ ಒಪ್ಪಿಸಿದ್ದಳು. "ಅಪ್ಪ ಮೀನಿನವನೇ ಅಲ್ವಾ, ಹೆದರಿಕೆ ಇಲ್ಲ" ಎಂದು ಅವಳ ನಂಬಿಕೆ. ನನ್ನ ಕೈಗೆ ಬರುವ ಮೀನುಗಳೆಲ್ಲ ಮೊದಲೇ ಸತ್ತಿರುತ್ತವೆ ಎಂಬುದು ಪಾಪ, ಅವಳಿಗೆ ಹೊಳೆದಿರಲಿಲ್ಲ. ನನ್ನ ಹೊಸ ಮೊಬೈಲಿಗೆ ದಿನಾ ಫೋನು: "ಚಿನ್ನಿ ಉಂಡಿತಾ?" ಆ ಹೆದರಿಕೆಗೇ ಹೊತ್ತುಹೊತ್ತಿಗೆ ಮುಷ್ಟಿಗಟ್ಟಲೆ ತಿನ್ನಿಸಿದೆ. ಅವಳು ಮರಳುವ ದಿನ ಬೆಳಿಗ್ಗೆ ಚಿನ್ನಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

ನನ್ನನ್ನು ಹೆತ್ತ ಆಯಿ ಇಣುಕಿ ನೋಡಿ, "ಬುಟ್ಟಿಗಟ್ಟಲೆ ಬಂಗಡೆ ಮಾರುವಾಗ ಬೆವರದವ, ಈ ಬೆರಳುದ್ದದ್ದಕ್ಕೆ ಯಾಕೋ ಬಿಳಿಚಿಕೊಂಡೆ ತಮಾ? ಖರೆ ಹೇಳಿಬಿಡು, ಕೂಸು ಅತ್ತು ಸುಮ್ಮನಾಗ್ತದೆ" ಎಂದಳು. ಅಳುವಿಗೆ ನಾನು ಹೆದರಿದ್ದಲ್ಲ. ಅಳು ನಿಂತ ಮೇಲೆ ಮಗಳು ನನ್ನನ್ನು ನೋಡುವ ನೋಟಕ್ಕೆ ಹೆದರಿದ್ದು. ಚಿನ್ನಿಯನ್ನು ತೆಂಗಿನ ಬುಡದಲ್ಲಿ ಹೂತು, ಅಂಕೋಲೆಯಿಂದ ಕಾರವಾರದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಚಿನ್ನಿಯಂಥ ಬಡಕಲು ಮೀನು ಬೇಕಾದಷ್ಟಿದ್ದವು. ಅದೇ ಬೆಲೆಗೆ ದಪ್ಪದ್ದು ಸಿಗುವಾಗ ಸಣ್ಣದ್ದನ್ನು ಆರಿಸಲು ಈ ಕೈ ಒಪ್ಪಬೇಕಲ್ಲ! ದಪ್ಪದ್ದನ್ನೇ ಹಿಡಿಸಿ, ಚೌಕಾಸಿ ಮುಗಿಸಿ, ಅಭ್ಯಾಸಬಲದಿಂದ, "ಮೇಲೊಂದು ಕೊಸರು ಹಾಕು ಮಾರಾಯಾ" ಎಂದುಬಿಟ್ಟೆ.

"ಇದೇನು ಮೀನುಪೇಟೆಯಾ?" ಎಂದು ಅವ ಗೊಣಗಿದ.

"ಮತ್ತೆ ಮಾರುವುದು ಕೋಳಿಯಾ?"

ನನ್ನ ಕಾಟ ತಪ್ಪಲಿ ಎಂದು ಇನ್ನೊಂದನ್ನೂ ಚೀಲಕ್ಕೆ ಬಿಟ್ಟ. ಅದೂ ದಪ್ಪದ್ದೇ, ಆರಿಸಿದ್ದು ನಾನಲ್ಲವೇ! ಗುಟ್ಟಾಗಿ ಬದಲಿಸಬೇಕಾದದ್ದು ಒಂದೇ ಮೀನನ್ನು ಎಂಬುದು ನೆನಪಾದಾಗ ಮರಳುವ ಬಸ್ಸು ಕಾರವಾರ ಬಿಟ್ಟಿತ್ತು. ಪುಕ್ಕಟೆ ಬಂದದ್ದನ್ನು ಎಸೆಯುವುದಾದರೂ ಹೇಗೆ?

ಸಂಜೆ ಶ್ವೇತಾ ಗಾಜಿಗೆ ಮೂಗು ಒತ್ತಿ ನಿಂತಳು. "ಎರಡು ಉಂಟಲ್ಲ?"

"ಚಿನ್ನಿಗೆ ಬೇಸರ ಬರಬಾರದು ಅಂತ ಜೊತೆ ತಂದೆ."

"ಚಿನ್ನಿ ಯಾವುದು?"

ಕೈ ಹೋದ ಕಡೆ ಬೆರಳು ತೋರಿಸಿದೆ. ಅವಳು ಮೀನನ್ನು ನೋಡಿದಳು, ನನ್ನನ್ನು ನೋಡಿದಳು. ಆಯಿ ಬಾಗಿಲಲ್ಲಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಎಷ್ಟು ಗುಂಡಗೆ ಮಾಡಿದ್ದೀಯಾ! ನನ್ನ ಕೈಯಲ್ಲಿ ಬಡಕಲಾಗೇ ಇತ್ತು. ಅಪ್ಪಾ, ಇನ್ನು ಎರಡಕ್ಕೂ ನೀನೇ ಊಟ ಹಾಕು."

ಈಗ ದಿನಾ ಬೆಳಿಗ್ಗೆ ಬೆರಳ ತುದಿಯಲ್ಲಿ ಒಂದೆರಡು ಕಾಳು ಹಿಡಿದು, ಉಸಿರು ಬಿಗಿಹಿಡಿದು ಗಾಜಿನ ಮುಂದೆ ನಿಲ್ಲುತ್ತೇನೆ. ಅವಳು ಪಕ್ಕದಲ್ಲೇ ನಿಂತು, "ಇನ್ನೂ ಹಾಕಪ್ಪಾ, ಎಂಥಾ ಜಿಪುಣ!" ಎನ್ನುತ್ತಾಳೆ.