ಮರಿಯಣ್ಣನ ಮೂರನೇ ಹಲ್ಲು

ಮೇಧಿನಿ: ಕೀಳಲ್ಲ ಅಂದೆನಲ್ಲ. ಎಷ್ಟು ಸಲ ಹೇಳ್ಬೇಕು?

ಮರಿಯಣ್ಣ: ಹಲ್ಲು ನಂದು ಮೇಡಂ. ನಾನೇ ಕೀಳಿ ಅಂತಿದೀನಿ. ನಿಮಗೇನ್ ಕಷ್ಟ?

ಮೇಧಿನಿ: ಹಲ್ಲು ಚೆನ್ನಾಗಿದೆ. ಅದೇ ಕಷ್ಟ.

ಅರಸೀಕೆರೆಯ ಹಲ್ಲಿನ ಡಾಕ್ಟರು ಮೇಧಿನಿಯವರ ಕುರ್ಚಿಯಲ್ಲಿ ಮರಿಯಣ್ಣ ಕೆನ್ನೆ ಹಿಡಿದು ಮಲಗಿದ್ದಾನೆ. ಕೊಬ್ಬರಿ ಮಂಡಿಯಲ್ಲಿ ಮಾಲಿನ ಗುಣ ನೋಡಿ ಹೇಳುವುದು ಅವನ ಕೆಲಸ. ಪಕ್ಕದ ಸ್ಟೂಲಿನ ಮೇಲೆ ಗೆಳೆಯ ಕೆಂಚಪ್ಪ. ಕಣಕಟ್ಟೆಯಲ್ಲಿ ತೆಂಗಿನ ತೋಟ, ಕೊಬ್ಬರಿ ಹಾಕುವುದು ಅದೇ ಮಂಡಿಗೆ. ಗೆಳೆಯನನ್ನು ಬೈಕಿನಲ್ಲಿ ಕೂರಿಸಿಕೊಂಡು ತಾನೇ ಕರೆತಂದಿದ್ದಾನೆ. ಇಷ್ಟು ಅಕ್ಕರೆ ಕಂಡರೆ ನನಗಂತೂ ಅನುಮಾನ.

ಕೆಂಚಪ್ಪ: ಕಿತ್ತಾಕ್ಬಿಡಿ ಮೇಡಂ. ಎಂಟು ತಿಂಗಳಿಂದ ನರಳ್ತಾವ್ನೆ, ನೋಡಕ್ಕಾಗಲ್ಲ.

ಮೇಧಿನಿ: ಈಗಾಗ್ಲೇ ಬೇರೆ ಕಡೆ ಎರಡು ಕೀಳಿಸಿದ್ದೀರಿ. ನೋವು ಹೋಯ್ತಾ?

ಮರಿಯಣ್ಣ: ಇಲ್ಲ. ಪಕ್ಕದ ಹಲ್ಲಿಗೆ ಬಂತು.

ಮೇಧಿನಿ: ಇದನ್ನೂ ಕಿತ್ರೆ ಅದರ ಪಕ್ಕಕ್ಕೆ ಹೋಗುತ್ತೆ. ಹೀಗೇ ಹೋದ್ರೆ ಕೊನೆಗೆ ಬಾಯಲ್ಲಿ ನೋವೊಂದೇ ಉಳಿಯುತ್ತೆ.

ಕೆಂಚಪ್ಪ: ಆ ಡಾಕ್ಟ್ರು ಒಂದು ಮಾತೂ ಎತ್ತಲಿಲ್ಲ. ಇವನು ಬೆರಳು ತೋರ್ಸಿದ್ದನ್ನ ಕಿತ್ತು ಕೈಗೆ ಕೊಟ್ರು.

ಮೇಧಿನಿ: ಸಂತೇಲಿ ಬದನೆಕಾಯಿ ಕೊಟ್ಟ ಹಾಗೆ.

ಡಾಕ್ಟರು ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿದರು. ಮರಿಯಣ್ಣ ಮಿಸುಕಲಿಲ್ಲ. ಕಿವಿಯ ಮುಂದೆ ಬೆರಳಿಟ್ಟು ಒತ್ತಿದರು. ಕುರ್ಚಿಯಿಂದ ಅರ್ಧ ಎದ್ದುಬಿಟ್ಟ.

ಮೇಧಿನಿ: ನೋವು ಇರೋದು ಇಲ್ಲಿ, ದವಡೆ ಸಂದಿನಲ್ಲಿ. ಎಕ್ಸ್‌ರೇಲೂ ಹಲ್ಲಿಗೆ ಏನೂ ಆಗಿಲ್ಲ. ಗಟ್ಟಿ ಪದಾರ್ಥ ಏನೇನು ತಿಂತೀರಿ?

ಮರಿಯಣ್ಣ: ಏನೂ ಇಲ್ಲ. ಎರಡು ಹೊತ್ತೂ ಮುದ್ದೆ. ಅದನ್ನ ಅಗಿಯೋದೂ ಇಲ್ಲ, ನುಂಗೋದು.

ಮೇಧಿನಿ: ಚಕ್ಲಿ, ಕಬ್ಬು?

ಮರಿಯಣ್ಣ: ಮುಟ್ಟಲ್ಲ.

ಮೇಧಿನಿ: ಕೊಬ್ಬರಿ?

ಮರಿಯಣ್ಣ: ತಿನ್ನಲ್ಲ. ಮೂವತ್ತು ವರ್ಷದಿಂದ ಅದ್ರಾಗೇ ಇದ್ದು ವಾಕರಿಕೆ ಬಂದೈತೆ.

ಮೇಧಿನಿ: ಮತ್ತೆ ಮಾಲು ಹೆಂಗೆ ನೋಡ್ತೀರಿ?

ಮರಿಯಣ್ಣ: ಕಚ್ಚಿ.

ಮೇಧಿನಿ: ತಿನ್ನಲ್ಲ ಅಂದ್ರಿ.

ಮರಿಯಣ್ಣ: ಎಲ್ಲಿ ತಿಂದೆ? ಕಚ್ಚಿ, ಅಗಿದು, ಉಗೀತೀನಿ. ನುಂಗಿದ್ರೆ ತಾನೆ ತಿಂದಂಗೆ?

ಮೇಧಿನಿ: ದಿನಕ್ಕೆ ಎಷ್ಟು?

ಮರಿಯಣ್ಣ: ಚೀಲಕ್ಕೆ ಒಂದು. ಹರಾಜಿನ ದಿನ ಇನ್ನೂರು ಚೀಲ ಬತ್ತವೆ.

ಮೇಧಿನಿ: ಇನ್ನೂರು ಸಲ, ಒಂದೇ ಕಡೆ. ಆಮೇಲೆ ಮುದ್ದೆ ಮಾತ್ರ ಅಗಿಯಲ್ಲ. ಬಹಳ ಜಾಗ್ರತೆ ನಿಮ್ದು.

ಮರಿಯಣ್ಣನ ಮುಖ ಸಪ್ಪಗಾಯಿತು.

ಮರಿಯಣ್ಣ: ಕಚ್ಚೋದು ಬಿಟ್ರೆ ನನ್ನ ಯಾರು ಮಂಡೀಲಿ ಇಟ್ಕೊಂತಾರೆ ಮೇಡಂ? ನಂಗೆ ಗೊತ್ತಿರೋದು ಅದೊಂದೇ. ಭಯ ಆಯ್ತದೆ.

ಕೆಂಚಪ್ಪ: ಅದಕ್ಕೇ ಕೀಳ್ಸು ಅಂದಿದ್ದು. ಹಲ್ಲೇ ಇಲ್ದಿದ್ರೆ ಕಚ್ಚೋ ತಾಪತ್ರಯನೇ ಇಲ್ಲ. ಮಾಲು ತಂದೋರು ಹೇಳ್ದಂಗೆ ಬರ್ಕೊ.

ಮರಿಯಣ್ಣ: ಏನ್ಲಾ ಅಂದೆ?

ಕೆಂಚಪ್ಪ: ನಿನ್ ಆರೋಗ್ಯಕ್ಕೆ ಅಂದೆ ಕಣ್ಲಾ.

ಮರಿಯಣ್ಣ: ಹೋದ ವಾರ ನಿನ್ ಮಾಲು ಹಸಿ ಅಂತ ವಾಪಸ್ ಕಳಿಸ್ದಾಗಿಂದ ನನ್ ಆರೋಗ್ಯದ ಚಿಂತೆ ಜಾಸ್ತಿ ಆಗೈತೆ ನಿಂಗೆ.

ಮೇಧಿನಿ: ಕೆಲಸ ಬಿಡಿ ಅಂದೋರು ಯಾರು? ಕಚ್ಚೋದು ಬಿಡಿ. ಚಾಕೂಲಿ ಕೊಯ್ದು ನೋಡಿ. ಹಸಿಯೋ ಒಣಗಿದ್ದೋ ಕಣ್ಣಿಗೇ ಕಾಣಲ್ವಾ?

ಮರಿಯಣ್ಣ ಕೆನ್ನೆಯಿಂದ ಕೈ ತೆಗೆದ. ಮುಖದಲ್ಲಿ ಕಳೆ ಬಂತು.

ಮರಿಯಣ್ಣ: ಕಾಣ್ತದೆ. ಇನ್ನೂ ಚೆನ್ನಾಗೇ ಕಾಣ್ತದೆ. ದವಡೆ ನೋಯ್ತದೆ ಅಂತ ಚೀಲದ ಮೇಲಿಂದ ಒಂದು ಕಚ್ಚಿ ಬಿಡ್ತಿದ್ದೆ. ಚಾಕು ಅಂದ್ಮೇಲೆ ಚೀಲ ಸುರಿಸಿ, ಅಡೀಲಿರೋದ್ರಾಗೆ ಹತ್ತು ಕೊಯ್ಬೌದು.

ಮೇಧಿನಿ: ಧಾರಾಳವಾಗಿ ಕೊಯ್ಯಿರಿ. ಒಂದು ತಿಂಗಳು ಮೆತ್ತಗಿನ ಊಟ. ಆಕಳಿಸುವಾಗ ಬಾಯಿ ಪೂರ್ತಿ ತೆರೀಬೇಡಿ. ಬೆಳಗ್ಗೆ, ಸಂಜೆ ಕೆನ್ನೆಗೆ ಬಿಸಿ ಬಟ್ಟೆ ಶಾಖ. ತಿಂಗಳಾದ್ಮೇಲೆ ಬಂದು ತೋರಿಸಿ.

ಮರಿಯಣ್ಣ: ಆಗ್ಲಿ ಮೇಡಂ. ಏನ್ಲಾ ಕೆಂಚ, ನಾಳೆ ನಿನ್ ಮಾಲು ಬತ್ತದೆ ಅಲ್ವಾ?

ಕೆಂಚಪ್ಪ ಹೋದ ವಾರದ ಅವಮಾನದಿಂದ ಬುದ್ಧಿ ಕಲಿತು, ಈ ಸಲ ಇಪ್ಪತ್ತು ಚೀಲದಲ್ಲೂ ಒಣಗಿದ್ದನ್ನು ಮೇಲೆ ಜೋಡಿಸಿ, ಹಸಿಯನ್ನೆಲ್ಲ ಅಡಿಯಲ್ಲಿ ತುಂಬಿಸಿ ಬಂದಿದ್ದ. ಗೆಳೆಯನನ್ನು ಬಿಟ್ಟು ಡಾಕ್ಟರ ಕಡೆಗೆ ತಿರುಗಿದ.

ಕೆಂಚಪ್ಪ: ಮೇಡಂ, ಆ ಶಾಖ ಇವತ್ತಿಂದಲೇ ಶುರು ಮಾಡ್ಬೌದಾ?

ಮೇಧಿನಿ: ಮಾಡಬಹುದು. ಯಾಕೆ?

ಕೆಂಚಪ್ಪ: ಎರಡು ಹೊತ್ತೂ ನಾನೇ ಇವನ ಮನೆಗೆ ಹೋಗಿ ಕೊಡ್ತೀನಿ. ಪಾಪ, ಆದಷ್ಟು ಬೇಗ ಕಚ್ಚಂಗಾಗ್ಲಿ.